ಸರಕಾರದ ನಾಣ್ಯಸೆಟ್ಟುಗಳು ಮತ್ತು ಅವುಗಳ ಮೂಲಹೊದಿಕೆ: ಇತಿಹಾಸದ ಆಕರಗಳಾಗಿ ಒಂದು ವಿವೇಚನೆ

ನಾಣ್ಯಶಾಸ್ತ್ರವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುವು ಶಾತವಾಹನರ ಸೀಸದ ನಾಣ್ಯಗಳು, ವಿಜಯನಗರದ ವರಾಹಗಳು, ಕಂಠೀರವ ನರಸರಾಜ ಒಡೆಯರ ಹೆಸರನ್ನು ಹೊತ್ತ ಕಂಠೀರಾಯಿ ಹಣ, ಟಿಪ್ಪು ಸುಲ್ತಾನನ ಆನೆಮುದ್ರೆಯ ತಾಮ್ರದ ಕಾಸು ಮೊದಲಾದುವು. ಇವುಗಳಿಗೆ ನಮ್ಮ ಪಠ್ಯಗಳಲ್ಲಿ ದೊರೆತಿರುವ ಮನ್ನಣೆ ಉಚಿತವೇ ಆಗಿದೆ. ಆದರೆ ಸ್ವಾತಂತ್ರ್ಯಾನಂತರ ಭಾರತ ಸರಕಾರದ ಟಂಕಸಾಲೆಗಳಿಂದ ಹೊರಟ ನಾಣ್ಯಗಳು ಮಾತ್ರ ಇತಿಹಾಸದ ಅಭ್ಯಾಸಿಗಳ ಲಕ್ಷ್ಯವನ್ನು ಅಷ್ಟಾಗಿ ಸೆಳೆದಿಲ್ಲ. ಅವು ನಿನ್ನೆ ಮೊನ್ನೆಯ ವಸ್ತುಗಳು, ಎಲ್ಲರ ಜೇಬಿನಲ್ಲಿಯೂ ಇದ್ದವು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಅದರಲ್ಲಿಯೂ ಸಂಗ್ರಾಹಕರಿಗಾಗಿ ಸರಕಾರವೇ ಪೆಟ್ಟಿಗೆಯಲ್ಲಿಟ್ಟು ಮಾರಿದ ನಾಣ್ಯಸೆಟ್ಟುಗಳನ್ನು ಹವ್ಯಾಸಿಗಳ ಆಟಿಕೆಯೆಂದು ಎಣಿಸಿ ಬದಿಗಿರಿಸುವುದೇ ರೂಢಿಯಾಗಿದೆ.

ಈ ರೂಢಿ ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಸರಕಾರವು ಹೊರಡಿಸಿದ ಸೆಟ್ಟೊಂದರಲ್ಲಿ ನಾಣ್ಯಗಳು, ಅವುಗಳನ್ನು ಹಿಡಿದಿರುವ ಚೌಕಟ್ಟು, ಹೊರಗಿನ ಪೆಟ್ಟಿಗೆ ಅಥವಾ ಲಕೋಟೆ, ಒಳಗಿನ ವಿವರಣಪತ್ರ ಇವೆಲ್ಲವೂ ಕೂಡಿ ಒಂದೇ ದಾಖಲೆಯಾಗುತ್ತವೆ. ನಾಣ್ಯವನ್ನು ಉಳಿಸಿಕೊಂಡು ಹೊದಿಕೆಯನ್ನು ಎಸೆದರೆ ಆ ದಾಖಲೆಯ ಅರ್ಧ ಭಾಗವನ್ನು ಹರಿದು ಹಾಕಿದಂತೆ. ಇದು ಹೇಗೆಂಬುದನ್ನೂ, ಅಂಥ ಸೆಟ್ಟುಗಳನ್ನು ಕಾಪಾಡುವ ಬಗೆ ಯಾವುದೆಂಬುದನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ನಿದರ್ಶನಕ್ಕಾಗಿ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆಯನ್ನು, ಅಲ್ಲಿನ ಉಡಿಗಾಲದಂಥ ಗ್ರಾಮಗಳ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡಿದ್ದೇವೆ.

ಸೆಟ್ಟು ಎಂದರೇನು?

ನಾಣ್ಯವನ್ನು ಟಂಕಿಸುವ ಅಧಿಕಾರ ಭಾರತ ಸರಕಾರಕ್ಕೆ ಸೇರಿದ್ದು. ರಿಸರ್ವ್ ಬ್ಯಾಂಕು ಅವನ್ನು ಚಲಾವಣೆಗೆ ತರುವುದಷ್ಟೆ. ಇಂದು ಮುಂಬಯಿ, ಕೋಲ್ಕತ್ತ, ಹೈದರಾಬಾದು ಮತ್ತು ನೋಯ್ಡಾಗಳಲ್ಲಿ ನಾಲ್ಕು ಟಂಕಸಾಲೆಗಳಿವೆ. ಇವುಗಳಲ್ಲಿ ನೋಯ್ಡಾದ ಸಾಲೆಯೇ ಕಿರಿಯದು. ಅದು 1988ರಲ್ಲಿ ಆರಂಭವಾಯಿತು. 2006ರಲ್ಲಿ ರಚಿತವಾದ ಸರಕಾರಿ ನಿಗಮವೊಂದರ ಆಡಳಿತಕ್ಕೆ ಈ ನಾಲ್ಕೂ ಒಳಪಟ್ಟಿವೆ. ಸಾಮಾನ್ಯ ನಾಣ್ಯಗಳ ಮೇಲೆ ಇಸವಿಯ ಕೆಳಗಿರುವ ಸಣ್ಣ ಗುರುತಿನಿಂದ ಸಾಲೆಯನ್ನು ತಿಳಿಯಬಹುದು: ಮುಂಬಯಿಗೆ ವಜ್ರದಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡನೆಯ ಚುಕ್ಕೆ, ಕೋಲ್ಕತ್ತದ ನಾಣ್ಯಕ್ಕೆ ಗುರುತಿಲ್ಲದಿರುವುದೇ ಗುರುತು.

ಈ ಸಾಲೆಗಳು ಚಲಾವಣೆಯ ನಾಣ್ಯಗಳಲ್ಲದೆ ಸಂಗ್ರಾಹಕರಿಗಾಗಿ ಎರಡು ಬಗೆಯ ಸೆಟ್ಟುಗಳನ್ನು ಸಿದ್ಧಪಡಿಸುತ್ತ ಬಂದಿವೆ. ಮೊದಲನೆಯದು ಪ್ರೂಫ್ ಸೆಟ್ಟು. ಇದಕ್ಕಾಗಿ ಅಚ್ಚನ್ನೂ ಲೋಹದ ಬಿಲ್ಲೆಯನ್ನೂ ವಿಶೇಷವಾಗಿ ನಯಗೊಳಿಸಿ, ಒಂದೊಂದು ಬಿಲ್ಲೆಯ ಮೇಲೂ ಒಂದಕ್ಕಿಂತ ಹೆಚ್ಚು ಸಲ ಅಚ್ಚನ್ನು ಒತ್ತುತ್ತಾರೆ. ಇದರಿಂದ ನಾಣ್ಯದ ಬಯಲು ಕನ್ನಡಿಯಂತೆ ಹೊಳೆಯುತ್ತದೆ. ಉಬ್ಬಿದ ಚಿತ್ರ ಮತ್ತು ಅಕ್ಷರಗಳು ಮಂಜು ಕವಿದಂತೆ ಬೆಳ್ಳಗೆ ಕಾಣುತ್ತವೆ. ಎರಡನೆಯದು ಚಲಾವಣೆಗೆ ಬಾರದ ನಾಣ್ಯಗಳ ಸೆಟ್ಟು. ಇವು ಸಾಮಾನ್ಯ ರೀತಿಯಲ್ಲಿ ಟಂಕಿಸಿದುವೇ ಆದರೂ ಕೈಯಿಂದ ಕೈಗೆ ಹೋಗದೆ ನೇರವಾಗಿ ಪೆಟ್ಟಿಗೆಯನ್ನು ಸೇರಿದುವು. ಎರಡು ಬಗೆಯ ಸೆಟ್ಟುಗಳನ್ನೂ ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಮಾರಲಾಗುತ್ತದೆ. ಬೇಕಾದವರು ಮುಂಗಡವಾಗಿ ಹಣ ಕಟ್ಟಿ ಹೆಸರು ನೋಂದಾಯಿಸಿ, ಸೆಟ್ಟು ಬರುವವರೆಗೆ ಕಾಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ.

ಸ್ವತಂತ್ರ ಭಾರತದ ಸೆಟ್ಟುಗಳ ಸಂಕ್ಷಿಪ್ತ ಚರಿತ್ರೆ

ಗಣರಾಜ್ಯದ ಮೊದಲ ನಾಣ್ಯಮಾಲೆ 1950ರಲ್ಲಿ ಬಂದಿತು. ರಾಜನ ತಲೆಯ ಸ್ಥಾನದಲ್ಲಿ ಅಶೋಕನ ಸಿಂಹಸ್ತಂಭದ ಶಿರೋಭಾಗ ನಿಂತಿತು. ಹಿಂಬದಿಯಲ್ಲಿ ರೂಪಾಯಿ, ಅರ್ಧ ಮತ್ತು ಕಾಲು ರೂಪಾಯಿಗಳಿಗೆ ಧಾನ್ಯದ ತೆನೆ, ಆಣೆಯ ನಾಣ್ಯಗಳಿಗೆ ಗೂಳಿ, ಕಾಲಾಣೆಯ ಪೈಸಕ್ಕೆ ಕುದುರೆ ಬಂದುವು. ಈ ಏಳು ನಾಣ್ಯಗಳ ಪ್ರೂಫ್ ಸೆಟ್ಟನ್ನು ಮುಂಬಯಿಯ ಸಾಲೆ ಅದೇ ವರ್ಷ ಸಿದ್ಧಪಡಿಸಿತು. ಆಗಿನ್ನೂ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು ಎಂಬ ಲೆಕ್ಕವೇ ನಡೆಯುತ್ತಿತ್ತು.

1955ರಲ್ಲಿ ಅಂಗೀಕೃತವಾದ ತಿದ್ದುಪಡಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1ರಿಂದ ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯಾ ಪೈಸೆಗಳಾದುವು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಸರಿಹೊಂದಿಕೆ ಅಷ್ಟು ಸುಲಭವಾಗಿರಲಿಲ್ಲ. ಒಂದಾಣೆಗೆ ಆರೂಕಾಲು ಪೈಸೆ ಬೀಳುವುದರಿಂದ, ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿಯನ್ನೇ ಹೊರಡಿಸಬೇಕಾಯಿತು. ಹೊಸ ನಾಣ್ಯದ ಮೇಲೆಯೇ ಅದು ರೂಪಾಯಿಯ ನೂರನೆಯ ಭಾಗವೆಂದು ಹಿಂದಿಯಲ್ಲಿ ಕೆತ್ತಿಸಿದ್ದರು. ಜನರಿಗೆ ರೂಢಿಯಾದ ಬಳಿಕ, 1964ರ ಜೂನ್ 1ರಿಂದ, 'ನಯಾ' ಎಂಬ ಮಾತನ್ನು ಕೈಬಿಡಲಾಯಿತು. ಹೀಗೆ 1960ರಿಂದ 1963ರವರೆಗಿನ ಪ್ರೂಫ್ ಸೆಟ್ಟುಗಳು ಕೇವಲ ಏಳು ವರ್ಷ ಬಾಳಿದ ಒಂದು ಹೆಸರಿನ ಸಾಕ್ಷಿಗಳಾಗಿ ಉಳಿದಿವೆ.

ಮೊದಲ ಸ್ಮಾರಕ ನಾಣ್ಯಗಳು 1964ರಲ್ಲಿ ಜವಾಹರಲಾಲ್ ನೆಹರೂ ಅವರ ನೆನಪಿಗಾಗಿ ಬಂದುವು. 1969ರಲ್ಲಿ ಗಾಂಧೀಜಿಯವರ ಜನ್ಮಶತಮಾನೋತ್ಸವಕ್ಕಾಗಿ 20 ಪೈಸೆ, 50 ಪೈಸೆ, 1 ರೂಪಾಯಿ ಮತ್ತು ಬೆಳ್ಳಿಯ 10 ರೂಪಾಯಿಯ ನಾಣ್ಯಗಳು ಹೊರಟುವು. 1970ರ ದಶಕದಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರೇರಣೆಯಿಂದ 'ಎಲ್ಲರಿಗೂ ಅನ್ನ', 'ಹೆಚ್ಚು ಆಹಾರ ಬೆಳೆಯಿರಿ', 'ಯೋಜಿತ ಕುಟುಂಬ' ಮುಂತಾದ ಘೋಷಣೆಗಳು ನಾಣ್ಯಗಳ ಮೇಲೆ ಕಾಣಿಸಿಕೊಂಡುವು. ಕನ್ನಡಿಗರಿಗೆ ಹತ್ತಿರವಾದ ನಿದರ್ಶನವೆಂದರೆ 2006ರಲ್ಲಿ ಬಂದ ಮಹಾತ್ಮ ಬಸವೇಶ್ವರರ ಸ್ಮಾರಕ ನಾಣ್ಯಗಳು. ಇವುಗಳಲ್ಲಿ 5 ರೂಪಾಯಿಯದು ಸಂತೆಯ ಚೀಲಗಳನ್ನೂ ಹೊಕ್ಕಿತು. 100 ರೂಪಾಯಿಯದಾದರೋ ಸೆಟ್ಟಿನಲ್ಲಿ ಮಾತ್ರ ದೊರೆಯಿತು.

ಹೊದಿಕೆ ಹೇಳುವ ಸಂಗತಿಗಳು

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಾಣ್ಯದ ಮೇಲೆಯೇ ಬೆಲೆ, ಇಸವಿ, ಚಿತ್ರ ಎಲ್ಲವೂ ಇರುವಾಗ ಪೆಟ್ಟಿಗೆಯಿಂದ ನಾವು ಹೊಸದಾಗಿ ತಿಳಿಯಬೇಕಾದುದೇನು?

ಮೊದಲನೆಯದಾಗಿ, ಕಾಲ. 1964ರ ನೆಹರೂ ನಾಣ್ಯದ ಮೇಲೆ ಇರುವುದು 1889-1964 ಎಂಬ ಅಂಕಗಳು. 1969ರ ಗಾಂಧಿ ನಾಣ್ಯದ ಮೇಲೆ ಇರುವುದು 1869-1948 ಎಂಬ ಅಂಕಗಳು. ಇವು ಆ ಮಹನೀಯರ ಜೀವಿತಕಾಲವನ್ನು ಹೇಳುತ್ತವೆಯೇ ಹೊರತು ನಾಣ್ಯವನ್ನು ಟಂಕಿಸಿದ ವರ್ಷವನ್ನು ಹೇಳುವುದಿಲ್ಲ. ಗಾಂಧಿ ನಾಣ್ಯದ ಮೇಲಂತೂ 1969 ಎಂಬ ಅಂಕವೇ ಇಲ್ಲ. ನಾಲ್ಕು ಶತಮಾನಗಳ ಬಳಿಕ ಈ ನಾಣ್ಯವೊಂದೇ ಯಾರಿಗಾದರೂ ದೊರೆತರೆ ಅವರು ಅದನ್ನು 1948ರದೆಂದು ಭಾವಿಸುವುದು ಅಸಂಭವವಲ್ಲ. ಬೇರೆ ದೇಶದ ನಿದರ್ಶನವೊಂದನ್ನೂ ನೋಡಬಹುದು. ಇಂಗ್ಲೆಂಡು 1971ರ ಫೆಬ್ರವರಿ 15ರಂದು ದಶಮಾಂಶ ನಾಣ್ಯಕ್ಕೆ ಬದಲಾಯಿಸಿತು. ಆದರೆ ಹೊಸ ನಾಣ್ಯಗಳನ್ನು ಜನರಿಗೆ ಪರಿಚಯಿಸುವ ಸಲುವಾಗಿ ನೀಲಿ ಬಣ್ಣದ ಸಣ್ಣ ಕೈಚೀಲದಲ್ಲಿ ಐದು ನಾಣ್ಯಗಳ ಸೆಟ್ಟನ್ನು ಅದಕ್ಕೆ ಮುಂಚೆಯೇ ಮಾರಲಾಗಿತ್ತು. ಅದರಲ್ಲಿನ ಕಂಚಿನ ನಾಣ್ಯಗಳ ಮೇಲೆ 1971 ಎಂದೇ ಇತ್ತು. ಆ ದಿನ ಬರುವವರೆಗೆ ಅವು ಚಲಾವಣೆಗೆ ಸಲ್ಲವೆಂಬ ಸೂಚನೆ ಇದ್ದುದು ಚೀಲದಲ್ಲಿ. ಚೀಲವನ್ನು ಎಸೆದವರ ಪಾಲಿಗೆ ಈ ಚರಿತ್ರೆ ಉಳಿಯಲಿಲ್ಲ.

ಎರಡನೆಯದಾಗಿ, ಯಾವ ನಾಣ್ಯಗಳು ಒಟ್ಟಿಗೆ ಹೊರಟುವೆಂಬ ಸಂಗತಿ. ಪುರಾತತ್ತ್ವದ ವಿದ್ಯಾರ್ಥಿಗಳಿಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ. 1891ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕಾಗಿ ನೆಲವನ್ನು ಅಗೆದಾಗ ರೋಮ್ ಚಕ್ರವರ್ತಿಗಳ 163 ಬೆಳ್ಳಿನಾಣ್ಯಗಳು ಒಂದೆಡೆಯಲ್ಲಿ ದೊರೆತುವು. ಇಂಥ ನಿಧಿಯಲ್ಲಿರುವ ತೀರ ಈಚಿನ ನಾಣ್ಯ ಯಾವುದೋ ಅದಕ್ಕಿಂತ ಹಿಂದೆ ಆ ನಿಧಿಯನ್ನು ಹೂತಿರಲಾರರು ಎಂಬುದು ನಾಣ್ಯಶಾಸ್ತ್ರದ ಮೊದಲ ಪಾಠ. ನಾಣ್ಯಗಳು ಹಂಚಿಹೋದರೆ ಈ ತರ್ಕಕ್ಕೆ ಆಧಾರವೇ ಇಲ್ಲದಾಗುತ್ತದೆ. ಅಂತೆಯೇ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ದೊರೆತ ಟೈಬೀರಿಯಸ್ ಚಕ್ರವರ್ತಿಯ ನಾಣ್ಯವು ಭೂಪದರದ ಕಾಲವನ್ನು ಗೊತ್ತುಮಾಡಲು ನೆರವಾದದ್ದು ಅದು ಇದ್ದ ಪದರ ತಿಳಿದಿದ್ದುದರಿಂದಲೇ. ಅದೇ ನಾಣ್ಯ ಅಂಗಡಿಯಲ್ಲಿ ದೊರೆತಿದ್ದರೆ ಬರಿಯ ಬೆಳ್ಳಿಯ ತುಂಡಾಗುತ್ತಿತ್ತು. ಪ್ರಾಚೀನ ನಾಣ್ಯಕ್ಕೆ ಭೂಪದರ ಮತ್ತು ಮಡಕೆ ಯಾವುದೋ, ಆಧುನಿಕ ಸೆಟ್ಟಿಗೆ ಅದರ ಪೆಟ್ಟಿಗೆ ಅದೇ ಆಗಿದೆ.

ಒಟ್ಟಿಗಿರುವ ನಾಣ್ಯಗಳಿಂದ ಎಂಥ ತಿಳಿವಳಿಕೆ ದೊರೆಯುತ್ತದೆಂಬುದಕ್ಕೆ ಒಂದು ಲೆಕ್ಕವನ್ನು ಕೊಡುತ್ತೇವೆ. 1969ರ 10 ರೂಪಾಯಿಯ ನಾಣ್ಯದ ತೂಕ 15 ಗ್ರಾಂ. ಅದರಲ್ಲಿ ಶೇಕಡ 80ರಷ್ಟು, ಎಂದರೆ 12 ಗ್ರಾಂ, ಬೆಳ್ಳಿಯಿತ್ತು. ಸ್ವಾತಂತ್ರ್ಯದ ರಜತೋತ್ಸವಕ್ಕಾಗಿ 1972ರಲ್ಲಿ ಬಂದ 10 ರೂಪಾಯಿ 22.5 ಗ್ರಾಂ ತೂಗಿದರೂ ಬೆಳ್ಳಿಯ ಪಾಲು ಶೇಕಡ 50ಕ್ಕೆ ಇಳಿದಿತ್ತು. ನಾಣ್ಯ ದೊಡ್ಡದಾಯಿತು, ಅದರ ಬೆಳ್ಳಿ 11.25 ಗ್ರಾಂ ಆಯಿತು. 1974ರ ಹೊತ್ತಿಗೆ 10 ರೂಪಾಯಿಯ ನಾಣ್ಯದಲ್ಲಿ ಬೆಳ್ಳಿಯೇ ಇರಲಿಲ್ಲ. ಅದು ತಾಮ್ರ ಮತ್ತು ನಿಕ್ಕಲಿನ ಮಿಶ್ರಣವಾಗಿ, ಬೆಳ್ಳಿ 50 ರೂಪಾಯಿಯ ನಾಣ್ಯಕ್ಕೆ ಏರಿತು. ಈ ಮೂರು ವರ್ಷಗಳ ಸೆಟ್ಟುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಆ ದಶಕದಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಹೇಗೆ ಕುಂದಿತೆಂಬುದು ಅಂಕಿಅಂಶಗಳ ಪುಸ್ತಕವನ್ನು ತೆರೆಯದೆಯೇ ಕಣ್ಣಿಗೆ ಕಟ್ಟುತ್ತದೆ.

ಮೂರನೆಯದಾಗಿ, ಮೂಲ ಯಾವುದು, ಮರುಟಂಕಣ ಯಾವುದೆಂಬ ವಿವೇಕ. ಬ್ರಿಟಿಷ್ ಆಳ್ವಿಕೆಯ ಹಳೆಯ ಅಚ್ಚುಗಳಿಂದ ಸಂಗ್ರಾಹಕರ ಕೋರಿಕೆಯ ಮೇರೆಗೆ ಮತ್ತೆ ನಾಣ್ಯಗಳನ್ನು ಒತ್ತಿಕೊಡುವ ಪದ್ಧತಿ ನಮ್ಮ ಟಂಕಸಾಲೆಗಳಲ್ಲಿ ಇತ್ತು. ಅಂಥ ನಾಣ್ಯದ ಮೇಲಿರುವ ಇಸವಿ ಹಳೆಯದು, ನಾಣ್ಯವಾದರೋ ಹೊಸದು. ಹಾಗೆಯೇ 1970ರ ದಶಕದ ಮುಂಬಯಿಯ ಪ್ರೂಫ್ ನಾಣ್ಯಗಳ ಮೇಲೆ ರೋಮನ್ ಲಿಪಿಯ 'ಬಿ' ಅಕ್ಷರವಿರುತ್ತದೆ; ನಗರದ ಹೆಸರು ಬದಲಾದ ಮೇಲೆ ಅದು 'ಎಂ' ಆಯಿತು. ಪೆಟ್ಟಿಗೆಯ ಮೇಲಿನ ಸಾಲೆಯ ಹೆಸರಿಗೂ ಒಳಗಿನ ನಾಣ್ಯದ ಗುರುತಿಗೂ ಹೊಂದಿಕೆ ಇದೆಯೇ ಎಂಬ ಪರೀಕ್ಷೆ ಎರಡೂ ಉಳಿದಿದ್ದರೆ ಮಾತ್ರ ಸಾಧ್ಯ.

ನಾಲ್ಕನೆಯದಾಗಿ, ಸರಕಾರದ ಉದ್ದೇಶ. ನಾಣ್ಯದ ಮೇಲೆ ಇರುವ ಸ್ಥಳ ಒಂದು ಅಂಗುಲದಷ್ಟು; ಅಲ್ಲಿ ಎರಡು ಮಾತುಗಳಿಗಿಂತ ಹೆಚ್ಚು ಹಿಡಿಸದು. ಏತಕ್ಕಾಗಿ ಈ ಸ್ಮಾರಕ, ಚಿತ್ರದ ಅರ್ಥವೇನು, ಯಾವ ಭಾಷೆಯಲ್ಲಿ ಯಾರನ್ನು ಉದ್ದೇಶಿಸಿ ಹೇಳಿದರು ಎಂಬುದನ್ನು ತಿಳಿಸುವುದು ಒಳಗಿನ ಪತ್ರ. ಆಳುವವರು ತಮ್ಮ ಕಾಲವನ್ನು ಹೇಗೆ ಕಂಡರು ಎಂಬುದನ್ನು ಅರಿಯಲು ಶಾಸನದ ಪ್ರಶಸ್ತಿಭಾಗವನ್ನು ನಾವು ಓದುವುದಿಲ್ಲವೇ? ಈ ಪತ್ರಗಳೂ ಅದೇ ಜಾತಿಯವು.

ಆದರೂ ಹೊದಿಕೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮೂಲಪೆಟ್ಟಿಗೆಯಿರುವ ಸೆಟ್ಟಿಗೆ ಹೆಚ್ಚು ಬೆಲೆ ಬರುವುದರಿಂದ, ಖಾಲಿ ಪೆಟ್ಟಿಗೆಗೆ ಬೇರೆ ನಾಣ್ಯಗಳನ್ನು ತುಂಬಿ ಮಾರುವವರೂ ಇದ್ದಾರೆ. ಆದುದರಿಂದ ತಾಮ್ರಶಾಸನದ ವಿಷಯದಲ್ಲಿ ನಾವು ಮಾಡುವ ಬಾಹ್ಯ ಮತ್ತು ಆಂತರಿಕ ವಿಮರ್ಶೆಯನ್ನು ಇಲ್ಲಿಯೂ ಮಾಡಬೇಕು. ನಾಣ್ಯದ ವ್ಯಾಸ ಕುಳಿಗೆ ಸರಿಹೊಂದುತ್ತದೆಯೇ, ಬಹುಕಾಲ ಇದ್ದ ನಾಣ್ಯದ ಅಂಚಿನ ಗುರುತು ಒಳಬಟ್ಟೆಯ ಮೇಲೆ ಬಿದ್ದಿದೆಯೇ, ಪತ್ರದಲ್ಲಿ ಹೇಳಿದ ಲೋಹ ಮತ್ತು ತೂಕ ನಾಣ್ಯದಲ್ಲಿವೆಯೇ ಎಂದು ನೋಡಬೇಕು.

ಚಾಮರಾಜನಗರ ಸೀಮೆಯ ಮನೆಗಳಲ್ಲಿ ನಾಣ್ಯ

ನಾಣ್ಯವನ್ನು ಅದರ ಹೊದಿಕೆಯೊಡನೆ ಕಾಪಾಡುವುದು ನಮ್ಮ ಹಳ್ಳಿಗಳಿಗೆ ಹೊಸ ವಿಚಾರವಲ್ಲ. ಮಲೆಮಹದೇಶ್ವರನಿಗೋ ಬಿಳಿಗಿರಿರಂಗನಿಗೋ ಹರಕೆ ಹೊತ್ತವರು ಬಟ್ಟೆಯ ತುಂಡಿನಲ್ಲಿ ನಾಣ್ಯವನ್ನು ಮುಡಿಪು ಕಟ್ಟಿ ಇಡುತ್ತಾರೆ. ಹರಕೆ ತೀರುವವರೆಗೆ ಆ ಗಂಟನ್ನು ಬಿಚ್ಚುವಂತಿಲ್ಲ. ಗಂಟು ಇರುವವರೆಗೆ ಆ ನಾಣ್ಯ ದೇವರದು. ಬಿಚ್ಚಿದೊಡನೆ ಅದು ಎಲ್ಲ ನಾಣ್ಯಗಳಂತೆ ಒಂದು ನಾಣ್ಯ. ವಸ್ತುವಿನ ಅರ್ಥ ಅದರ ಹೊದಿಕೆಯಲ್ಲಿಯೂ ಇರುತ್ತದೆಂಬ ತತ್ತ್ವವನ್ನು ಉಡಿಗಾಲದ ಅಜ್ಜಿಗೆ ಯಾರೂ ಬೋಧಿಸಬೇಕಾಗಿಲ್ಲ. ಎಲೆಯಡಿಕೆಯ ಸಂಚಿಯಲ್ಲಿ ಉಳಿದ ಬಿಡಿಕಾಸು, ಕೊರಳ ಕಾಸಿನ ಸರಕ್ಕೆ ಸೇರಿದ ರಾಜಮುದ್ರೆಯ ನಾಣ್ಯ, ದೇವರಮನೆಯ ಡಬ್ಬಿಯಲ್ಲಿನ ಬೆಳ್ಳಿ ರೂಪಾಯಿ, ಹೀಗೆ ಒಂದೊಂದು ನೆಲೆಯೂ ನಾಣ್ಯಕ್ಕೆ ಒಂದೊಂದು ಚರಿತ್ರೆಯನ್ನು ಕೊಡುತ್ತದೆ.

ಈ ಸೀಮೆಗೆ ನಾಣ್ಯದ ಚರಿತ್ರೆಯೊಡನೆ ಬೇರೊಂದು ನಂಟೂ ಇದೆ. ಅರಿಕುಠಾರವೆಂಬ ಊರಿಗೆ ತಮ್ಮ ತಂದೆಯ ಹೆಸರಿನಿಂದ 1818ರಲ್ಲಿ ಚಾಮರಾಜನಗರವೆಂದು ನಾಮಕರಣ ಮಾಡಿದ ಮುಮ್ಮಡಿ ಕೃಷ್ಣರಾಜ ಒಡೆಯರೇ, ಕನ್ನಡದಲ್ಲಿ ಬರೆಹವುಳ್ಳ 'ಮಯಿಲಿ' ಕಾಸುಗಳನ್ನು ಹೊರಡಿಸಿದವರು. ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿದ ಬಳಿಕ ಇಲ್ಲಿನ ಜನರ ಕೈಗೆ ಬಂದದ್ದು ಹೊರಗಿನ ಸಾಲೆಗಳ ನಾಣ್ಯವೇ. ಆದರೂ ಅದಕ್ಕೆ ಅವರು ತಮ್ಮ ಹೆಸರುಗಳನ್ನೇ ಇಟ್ಟುಕೊಂಡರು. ಕಾಲಾಣೆಯ ಪೈಸ ಇಲ್ಲಿ 'ಮೂರು ಕಾಸು' ಆಗಿತ್ತು. 25 ಪೈಸೆಗೆ 'ನಾಲ್ಕಾಣೆ', 50 ಪೈಸೆಗೆ 'ಎಂಟಾಣೆ' ಎಂಬ ಮಾತು ಆಣೆ ಹೋಗಿ ದಶಕಗಳು ಕಳೆದರೂ ಅಳಿಯಲಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತುಹೋಯಿತು. 1957ರ ನಯಾ ಪೈಸೆ ಇಂದು ಪೇಟೆಯಲ್ಲಿ ಮೂರು ಕಾಸಿಗೂ ಬಾಳದು. ಅದಕ್ಕೆ ಉಳಿದಿರುವ ಬೆಲೆ ಸಾಕ್ಷ್ಯದ ಬೆಲೆಯೊಂದೇ.

ಇಂಥ ಗ್ರಾಮದ ಮನೆಯೊಂದಕ್ಕೆ ಸರಕಾರದ ಸೆಟ್ಟು ಬಂದು ಸೇರಿತೆಂದು ಭಾವಿಸೋಣ. ನೌಕರಿಯಿಂದ ನಿವೃತ್ತರಾದವರಿಗೆ ಕಾಣಿಕೆಯಾಗಿ ಬಂದುದಿರಬಹುದು, ಹಣ ಕಟ್ಟಿ ತರಿಸಿದುದಿರಬಹುದು. ತಂದೆ ಇರುವವರೆಗೆ ಅದು ಪೆಟ್ಟಿಗೆಯೊಳಗೆ ಭದ್ರವಾಗಿರುತ್ತದೆ. ಅವರ ತರುವಾಯ ಅದು ಮೂರು ದಾರಿಗಳಲ್ಲಿ ಕೆಡುತ್ತದೆ. ಒಂದು, ಪಾಲು. ಹೊಲದಂತೆ ಸೆಟ್ಟನ್ನೂ ಹಂಚಿಕೊಂಡು, ಬೆಳ್ಳಿಯದು ಹಿರಿಯನಿಗೆ, ನಿಕ್ಕಲಿನವು ಕಿರಿಯರಿಗೆ, ಖಾಲಿ ಪೆಟ್ಟಿಗೆ ಮಕ್ಕಳ ಆಟಕ್ಕೆ, ಕಾಗದ ಒಲೆಗೆ ಎಂದಾಗುತ್ತದೆ. ಎರಡು, ಭಕ್ತಿ. ವರಮಹಾಲಕ್ಷ್ಮಿಯ ಪೂಜೆಗೆ ನಾಣ್ಯವನ್ನು ಹೊರತೆಗೆದು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ ಅರಿಸಿನ ಕುಂಕುಮ ಹಚ್ಚಿದರೆ ಪ್ರೂಫ್ ನಾಣ್ಯದ ಕನ್ನಡಿಬಯಲು ಒಂದೇ ದಿನದಲ್ಲಿ ಹಾಳಾಗುತ್ತದೆ; ಅದನ್ನು ಮರಳಿ ತರುವ ಉಪಾಯವಿಲ್ಲ. ಪೂಜೆಗೆ ಬೇರೆ ನಾಣ್ಯವನ್ನು ಇಟ್ಟುಕೊಳ್ಳುವಂತೆ ಮನೆಯವರಿಗೆ ತಿಳಿಸಿದರೆ ಭಕ್ತಿಗೂ ಕುಂದಿಲ್ಲ, ಚರಿತ್ರೆಗೂ ಕುಂದಿಲ್ಲ.

ಮೂರನೆಯದು, ಆಸೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಮೊದಲು ಶುಲ್ಕ, ತೆರಿಗೆ, ದಲ್ಲಾಳಿ ಎಂದು ಹಣ ಕೀಳುವ ವಂಚಕರು ಹೆಚ್ಚಿದ್ದಾರೆ. ಇವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಂಡುದರಿಂದ, ತನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲವೆಂದೂ ಅಂಥ ಶುಲ್ಕವನ್ನು ತಾನು ಎಂದೂ ಕೇಳುವುದಿಲ್ಲವೆಂದೂ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಮೋಸಹೋದವರ ಹಣ ಹೋಗುವುದಲ್ಲದೆ, ನಾಣ್ಯವೂ ಊರು ಬಿಟ್ಟು, ಯಾರ ಮನೆಯದು ಎಲ್ಲಿಯದು ಎಂಬ ಗುರುತಿಲ್ಲದೆ ಎಲ್ಲೋ ಸೇರಿಹೋಗುತ್ತದೆ. ಬೆಳ್ಳಿಯ ಆಸೆಗೆ ಕರಗಿಸುವವರೂ ಇಲ್ಲದಿಲ್ಲ. ನಾಣ್ಯವನ್ನು ಕರಗಿಸುವುದನ್ನು 2011ರ ನಾಣ್ಯ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಅವರು ಅರಿತಿರಬೇಕು.

ಹೊದಿಕೆಯೇ ಹಗೆಯಾಗುವುದು

ಹೊದಿಕೆಯನ್ನು ಉಳಿಸಬೇಕೆಂದೆವು. ಆದರೆ ನಾಣ್ಯವನ್ನು ಯಾವಾಗಲೂ ಅದರೊಳಗೇ ಇಡಬೇಕೆಂದು ಇದರ ಅರ್ಥವಲ್ಲ. ಅಮೆರಿಕದ ಟಂಕಸಾಲೆ 1947ರಿಂದ 1958ರವರೆಗೆ ತನ್ನ ಸೆಟ್ಟುಗಳನ್ನು ರಟ್ಟಿನ ಹಲಗೆಗಳಲ್ಲಿ ಕೂರಿಸಿ ಮಾರಿತು. ರಟ್ಟಿನಲ್ಲಿದ್ದ ಗಂಧಕದ ಅಂಶದಿಂದ ಬೆಳ್ಳಿ ನಾಣ್ಯಗಳು ನೀಲಿ, ಕಂದು, ನೇರಳೆ ಬಣ್ಣಗಳನ್ನು ತಾಳಿದುವು. ಮೇಲೆ ಹೇಳಿದ ಇಂಗ್ಲೆಂಡಿನ ನೀಲಿ ಕೈಚೀಲದ ಪ್ಲಾಸ್ಟಿಕ್ಕೂ ಕಾಲಕ್ರಮದಲ್ಲಿ ನಾಣ್ಯಗಳನ್ನು ಕೆಡಿಸಿತು. ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ದ್ರವ್ಯ ವರ್ಷಗಳು ಕಳೆದಂತೆ ಹೊರಕ್ಕೆ ಒಸರುತ್ತದೆ. ಪ್ಲಾಸ್ಟಿಕ್ಕು ಶಿಥಿಲವಾಗುವಾಗ ಆಮ್ಲವೂ ಹುಟ್ಟುತ್ತದೆ. ತಾಮ್ರ, ನಿಕ್ಕಲು, ಬೆಳ್ಳಿಗಳ ಮೇಲೆ ಜಿಗುಟಾದ ಹಸಿರು ಪೊರೆ ಕಾಣಿಸಿಕೊಂಡರೆ ಇದೇ ಕಾರಣವೆಂದು ಊಹಿಸಬಹುದು. ಮೆದುವಾಗಿ ಬಾಗುವ, ತೆರೆದಾಗ ಹೊಸ ರೇಕ್ಸಿನ್ನಿನಂತೆ ವಾಸನೆ ಬರುವ, ಮುಟ್ಟಿದರೆ ಅಂಟುವ ಹೊದಿಕೆಗಳು ಈ ಜಾತಿಯವು. ಗಟ್ಟಿಯಾದ, ಪಾರದರ್ಶಕವಾದ, ವಾಸನೆಯಿಲ್ಲದ ಚೌಕಟ್ಟುಗಳಿಂದ ಇಷ್ಟು ಭಯವಿಲ್ಲ.

ಆದುದರಿಂದ ಸೂತ್ರವನ್ನು ಹೀಗೆ ಹೇಳಬಹುದು: ನಾಣ್ಯ ಮತ್ತು ಹೊದಿಕೆಗಳನ್ನು ಚರಿತ್ರೆಯ ದೃಷ್ಟಿಯಿಂದ ಎಂದೂ ಅಗಲಿಸಕೂಡದು, ಅಪಾಯವಿದ್ದಾಗ ಸ್ಥಳದ ದೃಷ್ಟಿಯಿಂದ ಅಗಲಿಸಲೇಬೇಕು.

ಕಾಪಾಡುವ ಕ್ರಮ

ಮೊದಲು ಮಾಡಬೇಕಾದುದು ಬರೆಹ. ಸೆಟ್ಟನ್ನು ಮುಟ್ಟುವ ಮುನ್ನ ಹೊರಗಿನಿಂದ, ತೆರೆದ ಮೇಲೆ ಒಳಗಿನಿಂದ, ನಾಣ್ಯಗಳ ಎರಡೂ ಮುಖಗಳ ಛಾಯಾಚಿತ್ರಗಳನ್ನು ತೆಗೆಯಬೇಕು. ಯಾವ ಕುಳಿಯಲ್ಲಿ ಯಾವ ನಾಣ್ಯವಿತ್ತೆಂಬ ನಕ್ಷೆ, ಪತ್ರದಲ್ಲಿನ ಪೂರ್ಣಪಾಠ, ಹಣ ಕಟ್ಟಿದ ರಸೀತಿ, ಟಪಾಲಿನ ಲಕೋಟೆಯ ಮೊಹರು ಇವನ್ನೆಲ್ಲ ದಾಖಲಿಸಬೇಕು. ಟಂಕಸಾಲೆಯಲ್ಲಿಯೇ ಮುದ್ರೆಹಾಕಿ ಮುಚ್ಚಿದ ಹೊದಿಕೆ ಸುಸ್ಥಿತಿಯಲ್ಲಿದ್ದರೆ ಅದನ್ನು ಒಡೆಯಬಾರದು.

ಎರಡನೆಯದಾಗಿ, ನಾಣ್ಯವನ್ನು ತೊಳೆಯಕೂಡದು. ಹುಣಸೆ, ನಿಂಬೆ, ಬೂದಿ, ಹಲ್ಲುಪುಡಿ, ಅಂಗಡಿಯ ಪಾಲಿಶು ಯಾವುದೂ ಬೇಡ. ಬಣ್ಣ ಮಾಸಿದುದು ಕಾಲದ ಗುರುತು. ಗೀರು ಬಿದ್ದುದು ನಮ್ಮ ಗುರುತು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಬೇಕು. ಬೆರಳ ಬೆವರು ಪ್ರೂಫ್ ಮೇಲ್ಮೈಯಲ್ಲಿ ಶಾಶ್ವತವಾಗಿ ಅಚ್ಚೊತ್ತುತ್ತದೆ. ಹಸಿರು ಪೊರೆ ಕಂಡಲ್ಲಿ ಸ್ವಂತ ಪ್ರಯೋಗಕ್ಕೆ ಕೈಹಾಕದೆ ವಸ್ತುಸಂಗ್ರಹಾಲಯಗಳ ಸಂರಕ್ಷಣ ತಜ್ಞರ ಸಲಹೆ ಪಡೆಯುವುದು ಲೇಸು.

ಮೂರನೆಯದಾಗಿ, ಹೊದಿಕೆ ಕೆಟ್ಟದ್ದಾದರೆ ನಾಣ್ಯಗಳನ್ನು ಪಾಲಿಯೆಸ್ಟರ್ ಹಾಳೆಯ ಪುಟ್ಟ ಲಕೋಟೆಗಳಿಗೆ ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆಗಳಿಗೆ ಬದಲಾಯಿಸಬೇಕು. ಖಾಲಿಯಾದ ಮೂಲಹೊದಿಕೆಯನ್ನು ಎಸೆಯದೆ ಬೇರೊಂದು ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇಡಬೇಕು. ಎರಡಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟು ಪುಸ್ತಕದಲ್ಲಿ ಬರೆಯಬೇಕು. ಸಂಖ್ಯೆಯನ್ನು ಸೀಸದ ಕಡ್ಡಿಯಿಂದ ಲಕೋಟೆಯ ಮೇಲೆ ಬರೆಯಬೇಕೇ ಹೊರತು ಮೂಲಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಬಾರದು. ರಬ್ಬರು ಪಟ್ಟಿಯಲ್ಲಿ ಗಂಧಕವಿದೆ; ಗುಂಡುಸೂಜಿಗೆ ತುಕ್ಕು ಹಿಡಿಯುತ್ತದೆ; ಅಂಟುಪಟ್ಟಿ ಕಾಗದವನ್ನು ಕಂದಾಗಿಸುತ್ತದೆ. ಈ ಮೂರನ್ನೂ ದೂರವಿಡಬೇಕು.

ನಾಲ್ಕನೆಯದಾಗಿ, ಸ್ಥಳ. ಅಡುಗೆಮನೆಯ ಹೊಗೆ, ದೇವರಮನೆಯ ಎಣ್ಣೆದೀಪ, ಮಳೆಗಾಲದಲ್ಲಿ ಬೆವರುವ ಗೋಡೆಯ ಗೂಡು ಇವು ಸಲ್ಲವು. ಗೋಡೆಗೆ ತಗಲದಂತೆ ನಿಲ್ಲಿಸಿದ ಕಬ್ಬಿಣದ ಬೀರು ಉತ್ತಮ. ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು ಕಾಲಕಾಲಕ್ಕೆ ಕಾಯಿಸಿ ಒಣಗಿಸಬೇಕು. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯನ್ನು ಇಲ್ಲಿ ಇಡಕೂಡದು. ಅದರ ಆವಿ ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳನ್ನೂ ಮೆದುಗೊಳಿಸುತ್ತದೆ. ಕಾಗದವನ್ನು ತಿನ್ನುವ ಹುಳು ಬಂದಿದೆಯೇ ಎಂದು ವರ್ಷಕ್ಕೆರಡು ಸಲ ನೋಡುವುದೇ ಅದಕ್ಕಿಂತ ಒಳ್ಳೆಯ ಕಾವಲು.

ಕಾಲೇಜುಗಳು ಮಾಡಬಹುದಾದ ಕೆಲಸ

ಹೊಸ ಸೆಟ್ಟುಗಳನ್ನು ಕೊಂಡು ತುಂಬುವುದು ಎಲ್ಲ ಕಾಲೇಜುಗಳಿಗೂ ಸಾಧ್ಯವಿಲ್ಲ. ಅದು ಅಗತ್ಯವೂ ಅಲ್ಲ. ಊರೂರಿನಲ್ಲಿ ಇರುವುದನ್ನು ಇದ್ದಲ್ಲಿಯೇ ದಾಖಲಿಸುವುದು ಹೆಚ್ಚು ಉಪಯುಕ್ತ. ಚಾಮರಾಜನಗರ, ಗುಂಡ್ಲುಪೇಟೆಗಳ ಕಾಲೇಜುಗಳಿಗೆ ಸುತ್ತಣ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಒಂದು ಸೆಟ್ಟನ್ನೋ, ಸೆಟ್ಟಿಲ್ಲದಿದ್ದರೆ ಒಂದು ಮುಡಿಪನ್ನೋ ಒಂದು ಸಂಚಿಯ ಬಿಡಿನಾಣ್ಯಗಳನ್ನೋ ಮನೆಯವರ ಒಪ್ಪಿಗೆಯಿಂದ ನೋಡಿ, ಒಂದು ಪುಟದ ವಿವರವನ್ನು ಬರೆದು ತಂದರೆ ಕೆಲವೇ ವರ್ಷಗಳಲ್ಲಿ ಒಂದು ತಾಲ್ಲೂಕಿನ ನಾಣ್ಯಬಳಕೆಯ ಚರಿತ್ರೆಗೆ ಆಕರ ಸಿದ್ಧವಾಗುತ್ತದೆ. ಯಾವ ನಾಣ್ಯ, ಯಾವ ಹೊದಿಕೆ, ಯಾರಿಂದ ಹೇಗೆ ಬಂದಿತು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಮುಡಿಪನ್ನು ಬಿಚ್ಚಿಸಬೇಕಾಗಿಲ್ಲ; ಬಿಚ್ಚದ ಮುಡಿಪೆಂದೇ ಬರೆದುಕೊಳ್ಳಬೇಕು. ಮನೆಯವರ ಹೆಸರನ್ನೂ ವಸ್ತುವಿನ ಪೇಟೆಬೆಲೆಯನ್ನೂ ಪ್ರಕಟಿಸಬಾರದು. ಹಾಗೆ ಪ್ರಕಟಿಸಿದರೆ ಕಳ್ಳನಿಗೂ ವಂಚಕನಿಗೂ ನಾವೇ ದಾರಿ ತೋರಿಸಿದಂತಾದೀತು.

ಕೊಂಡುಕೊಳ್ಳಬೇಕೆನ್ನುವ ವಿದ್ಯಾರ್ಥಿಗೆ ನಮ್ಮ ಸಲಹೆ ಇಷ್ಟೆ. ಲಾಭದ ಎಣಿಕೆಯಿಂದ ಕೊಳ್ಳಬೇಡಿ. ಒಂದು ವಿಷಯವನ್ನು ಆರಿಸಿಕೊಂಡು, ಆಹಾರದ ಘೋಷಣೆಯ ನಾಣ್ಯಗಳನ್ನೋ ದಶಮಾಂಶದ ಮೊದಲ ವರ್ಷಗಳನ್ನೋ ಕೂಡಿಸಿ. ಪೆಟ್ಟಿಗೆ, ಪತ್ರ, ರಸೀತಿಗಳು ಕೂಡಿದ ಒಂದು ಸಾಧಾರಣ ಸೆಟ್ಟು ಅವು ಯಾವುವೂ ಇಲ್ಲದ ಹತ್ತು ಹೊಳೆಯುವ ಬಿಡಿನಾಣ್ಯಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಲೋಹ ಗಟ್ಟಿಯಾದುದು, ಅದು ಹೇಗೋ ಉಳಿಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಬಳಿಕವೂ ಯಶವಂತಪುರದ ಬೆಳ್ಳಿ ಉಳಿದಿತ್ತು. ಕಾಗದ ಮತ್ತು ರಟ್ಟುಗಳಿಗೆ ಅಂಥ ಆಯುಸ್ಸಿಲ್ಲ. 1950 ಮತ್ತು 1960ರ ದಶಕಗಳ ಹೊದಿಕೆಗಳು ಈಗಾಗಲೇ ಶಿಥಿಲವಾಗುತ್ತಿವೆ; ಅವು ಬಂದ ಬಗೆಯನ್ನು ಬಾಯಿಮಾತಿನಲ್ಲಿ ಹೇಳಬಲ್ಲ ಹಿರಿಯರೂ ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಮುಂದಿನ ತಲೆಮಾರಿನ ಅಭ್ಯಾಸಿಗಳಿಗೆ ನಾಣ್ಯಗಳಂತೂ ದೊರೆತಾವು. ಅವುಗಳ ಚರಿತ್ರೆಯೂ ದೊರೆಯುವುದೋ ಇಲ್ಲವೋ ಎಂಬುದು ಈಗ ನಾವು ಎಸೆಯುವ ಮತ್ತು ಉಳಿಸುವ ಕಾಗದದ ತುಣುಕುಗಳನ್ನು ಅವಲಂಬಿಸಿದೆ.